ತೆಪ್ಪದಲ್ಲಿ ಒಬ್ಬರೇ

ಯುದ್ಧ ಬರುವುದು ಖಂಡಿತ ಎಂದು ಎಲ್ಲರಿಗೂ ಗೊತ್ತಾಗಿ, ಯಾವತ್ತು ಎನ್ನುವುದಷ್ಟೇ ಗೊತ್ತಾಗದೆ ಉಳಿದಿದ್ದ ವಾರ ಅದು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದಿದ್ದ ಅಣ್ಣನನ್ನು ತಂಗಿ ಅಡುಗೆಮನೆಗೆ ಕರೆದಳು, ಬಾಗಿಲನ್ನು ಮುಂದಕ್ಕೆ ಮಾಡಿದಳು, ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರಿನ ಸದ್ದಿದ್ದರೆ ಮಾತು ನಡುಮನೆಗೆ ಕೇಳುವುದಿಲ್ಲ ಎಂಬುದು ಅವಳ ಲೆಕ್ಕ. ನಡುಮನೆಯಲ್ಲಿ ಅವಳ ಗಂಡ ಕುರ್ಚಿಯ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಹುಟ್ಟಲಿರುವ ಮಗುವಿನ ಬಟ್ಟೆಬರೆ ಇಡಲೆಂದು ಗೋಡೆಗೆ ಹಲಗೆ ಬಡಿಯುತ್ತಿದ್ದ.

"ಅಣ್ಣಾ, ಒಂದು ಮಾತು ಕೇಳ್ತೀನಿ. ಬೈಬಾರದು."

"ಕೇಳು."

"ನೀವಿಬ್ರೂ ಒಂದೇ ವಿಮಾನದಲ್ಲಿ ಹೋಗ್ಬೇಡಿ."

ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ, ಅವನ ಕಡೆ ನೋಡದೆ ಮುಂದುವರಿಸಿದಳು. "ನಿಮ್ಮ ಕೆಲಸಕ್ಕೆ ನಾನು ಯಾವತ್ತೂ ಅಡ್ಡ ಬಂದಿಲ್ಲ. ಆದ್ರೆ ಒಂದು ವಿಮಾನ ಬಿದ್ರೆ ನನಗೆ ಇಬ್ರೂ ಹೋದ ಹಾಗೆ. ಅಪ್ಪ ಅಮ್ಮ ಅಂತೂ ಇಲ್ಲ. ಆಮೇಲೆ ನಾನು ಯಾರ ಮುಖ ನೋಡ್ಕೊಂಡು ಇರ್ಲಿ?"

ಕೇಳಿ ನೋಡುತ್ತೇನೆ ಎಂದು ಅವನು ಒಪ್ಪಿಕೊಂಡ. ಈ ವಿಷಯ ಗಂಡನಿಗೆ ಗೊತ್ತಾಗಬಾರದು, ಗೊತ್ತಾದರೆ ಅವರು ಅವಮಾನ ಅಂದುಕೊಳ್ಳುತ್ತಾರೆ ಎಂದು ಅವಳು ಮಾತು ತೆಗೆದುಕೊಂಡಳು. ಅದಕ್ಕೂ ಅವನು ಹೂಂ ಅಂದ. ತಂಗಿಗೆ ಇಲ್ಲ ಅಂದು ಅವನಿಗೆ ರೂಢಿಯೇ ಇರಲಿಲ್ಲ.

ಅವರ ಅಪ್ಪ ನದಿ ಸಮುದ್ರಕ್ಕೆ ಸೇರುವಲ್ಲಿ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದ. ತಂಗಿ ಅಂಬೆಗಾಲಿಡುತ್ತಿದ್ದಾಗಲೇ ಅಮ್ಮ ತೀರಿಕೊಂಡಳು. ಅಪ್ಪ ಬೆಳಗಾದರೆ ದೋಣಿಗೆ ಹೋಗುತ್ತಿದ್ದುದರಿಂದ ಆ ಮಗುವಿಗೆ ಸ್ನಾನ ಮಾಡಿಸಿದ್ದು, ಉಣ್ಣಿಸಿದ್ದು, ಜಡೆ ಹೆಣೆದದ್ದು ಎಲ್ಲ ಅಣ್ಣನೇ. ಅವನು ಹೆಣೆದ ಜಡೆ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು; ಅವಳು ಅಳದೆ ಹಾಗೇ ಒಳಗೆ ಹೋಗುತ್ತಿದ್ದಳು. ಮುಂದೆ ಅವನು ನೌಕಾಪಡೆ ಸೇರಿದಾಗ ಅಪ್ಪನಿಗೆ ಖುಷಿಯಾಯಿತು. ಹಡಗಿನಲ್ಲಿ ಅಲ್ಲ, ಹಡಗಿನ ಮೇಲಿಂದ ಹಾರುವ ವಿಮಾನದಲ್ಲಿ ಎಂದು ತಿಳಿದಾಗ ಮಾತ್ರ ಅಪ್ಪ ಬೀಡಿ ಕೆಳಗಿಟ್ಟು, "ನೀರು ಸಾಲ್ದು ಅಂತ ಆಕಾಶಾನೂ ಬೇಕೇನೋ ನಿನಗೆ" ಎಂದು ಕೇಳಿದ್ದ. ದೋಣಿಯವನ ಮಗ ಎಂದು ಗೊತ್ತಾದ ದಿನದಿಂದ ಹಡಗಿನಲ್ಲಿ ಎಲ್ಲರೂ ಅವನನ್ನು ಅಂಬಿಗ ಎಂದೇ ಕರೆದರು.

ಅಂಬಿಗ ಹಾರಿಸುತ್ತಿದ್ದುದು ಇಬ್ಬರು ಕೂರುವ ವಿಮಾನ. ಮುಂದೆ ಪೈಲಟ್, ಹಿಂದೆ ನ್ಯಾವಿಗೇಟರ್. ಶತ್ರುವಿನ ಜಲಾಂತರ್ಗಾಮಿ ಎಲ್ಲಾದರೂ ತಲೆ ಎತ್ತಿದೆಯೇ ಎಂದು ಸಮುದ್ರವನ್ನು ಜಾಲಾಡಿಸಿ ಬರುವುದು ಅವರ ಕೆಲಸ. ನೆಲದ ಮೇಲಿನ ಪೈಲಟ್‌ಗಳಿಗೆ ಇಲ್ಲದ ಒಂದು ತೊಂದರೆ ಇವರಿಗಿತ್ತು. ಹೊರಟ ಜಾಗಕ್ಕೆ ವಾಪಸು ಬಂದರೆ ಅಲ್ಲಿ ಬರೀ ನೀರಿರುತ್ತದೆ. ಅಷ್ಟರಲ್ಲಿ ಹಡಗು ಎಲ್ಲಿಗೋ ಹೋಗಿರುತ್ತದೆ. ಯುದ್ಧದಲ್ಲಿ ಹಡಗು ರೇಡಿಯೋದಲ್ಲಿ ಉಸಿರೂ ಎತ್ತುವುದಿಲ್ಲ. ಅದು ಈಗ ಎಲ್ಲಿರಬಹುದು ಎಂದು ಗಾಳಿ, ವೇಗ, ದಿಕ್ಕು ಎಲ್ಲವನ್ನೂ ಕೂಡಿ ಕಳೆದು ಹೇಳಬೇಕಾದವನು ಹಿಂದೆ ಕೂತವನು. ಅವನ ಲೆಕ್ಕ ತಪ್ಪಿದರೆ ಮುಂದಿನವನ ಕೈಚಳಕ ಯಾವ ಉಪಯೋಗಕ್ಕೂ ಬಾರದು.

ಅಂಬಿಗನನ್ನು ಅಷ್ಟು ವರ್ಷ ಹಡಗಿಗೆ ಮರಳಿ ತಂದದ್ದು ಒಬ್ಬನೇ ನ್ಯಾವಿಗೇಟರ್. ಅಂಬಿಗ ಮೆಚ್ಚಿ ಅವನನ್ನು ಒಂದು ದಿನ ಮನೆಗೆ ಊಟಕ್ಕೆ ಕರೆತಂದ. ಬಡಿಸಲು ಬಂದ ತಂಗಿ ಅವನ ಮಾತಿಗೆ ನಗುತ್ತ ಸಾರು ಚೆಲ್ಲಿದಳು. ವರ್ಷ ತುಂಬುವುದರೊಳಗೆ ಮದುವೆಯಾಯಿತು. ಆಮೇಲೆ ಆಕಾಶದಲ್ಲೂ ಇಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆದುಕೊಳ್ಳತೊಡಗಿದರು. "ಭಾವ, ಸ್ವಲ್ಪ ಎಡಕ್ಕೆ." "ಆಯ್ತು ಭಾವ." ಇದು ನೌಕಾಪಡೆಯೋ ಬೀಗರ ಮನೆಯೋ ಎಂದು ಕಮಾಂಡರ್ ಒಮ್ಮೆ ಕೇಳಿದ್ದರು.

ತಂಗಿಯ ಮಾತಿನ ಮರುದಿನ ಅಂಬಿಗ ಕಮಾಂಡರ್ ಕೋಣೆಗೆ ಹೋಗಿ ಸಂಕೋಚದಿಂದಲೇ ವಿಷಯ ಎತ್ತಿದ. ಗದರುತ್ತಾರೆ ಅಂದುಕೊಂಡಿದ್ದ, ಅವರು ನಿರಾಳವಾಗಿ ಉಸಿರುಬಿಟ್ಟರು. ಒಂದೇ ಮನೆಯವರನ್ನು ಒಂದೇ ವಿಮಾನದಲ್ಲಿ ಕಳಿಸುವುದು ಅವರಿಗೂ ಕಸಿವಿಸಿಯ ಸಂಗತಿಯಾಗಿತ್ತಂತೆ. ಅಲ್ಲೇ ನಿಂತ ನಿಲುವಿನಲ್ಲಿ ಅದಲುಬದಲು ಆಗಿಹೋಯಿತು. ಭಾವ ಉದ್ದಣ್ಣನ ವಿಮಾನಕ್ಕೆ, ಉದ್ದಣ್ಣನ ನ್ಯಾವಿಗೇಟರ್ ಅಂಬಿಗನ ವಿಮಾನಕ್ಕೆ.

ಉದ್ದಣ್ಣ ಅಂದರೆ ಹಡಗಿನ ಎಲ್ಲ ಬಾಗಿಲುಗಳಿಗೂ ತಲೆ ಬಗ್ಗಿಸಿ ನಡೆಯುವ, ಪೈಲಟ್ ಸೀಟಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡು ಕೂರುವ ಮನುಷ್ಯ. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವನ ನ್ಯಾವಿಗೇಟರ್‌ಗೆ ಲೆಕ್ಕ ಮಾಡುವಾಗ ಅಂಕೆಗಳನ್ನು ಬಾಯಲ್ಲೇ ಗುನುಗುವ ಅಭ್ಯಾಸ, ಅದಕ್ಕೇ ಅವನನ್ನು ಮಣಮಣ ಅನ್ನುತ್ತಿದ್ದರು. ಉದ್ದಣ್ಣ, ಮಣಮಣ ತರಬೇತಿಯಿಂದಲೂ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು, ಒಬ್ಬನ ಕಾಲುಚೀಲ ಇನ್ನೊಬ್ಬನ ಕಾಲಲ್ಲಿರುವಷ್ಟು ಬಳಕೆ.

ಸುದ್ದಿ ತಿಳಿದ ಭಾವ ಹಡಗಿನ ಇಕ್ಕಟ್ಟು ಓಣಿಯಲ್ಲಿ ಅಂಬಿಗನನ್ನು ಅಡ್ಡಗಟ್ಟಿದ.

"ಯಾರು ಕೇಳಿದ್ದು ಇದನ್ನ?"

"ಮೇಲಿಂದ ಬಂದಿದ್ದು."

"ಸುಳ್ಳು ಹೇಳೋಕೆ ಬರಲ್ಲ ನಿನಗೆ ಭಾವ. ಆವತ್ತು ನನ್ನ ಲೆಕ್ಕ ಸ್ವಲ್ಪ ಆಚೀಚೆ ಆಯ್ತು, ಅದಕ್ಕೇ ಅಲ್ವಾ? ಬಾಯ್ಬಿಟ್ಟು ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

ಮಳೆಗಾಲದ ಅಭ್ಯಾಸದಲ್ಲಿ ಒಮ್ಮೆ ಭಾವನ ಲೆಕ್ಕ ಜಾರಿ, ಇಂಧನ ತಳ ಕಂಡ ಮೇಲೆ ಅವರು ಹಡಗಿಗೆ ಇಳಿದಿದ್ದರು. ಅಂಬಿಗನಿಗೆ ಅದು ಮರೆತೇ ಹೋಗಿತ್ತು. ಅದಲ್ಲ ಎಂದು ಹೇಳಬೇಕಿತ್ತು, ಆದರೆ ಅದಲ್ಲದಿದ್ದರೆ ಇನ್ನೇನು ಎಂದು ಹೇಳುವಂತಿರಲಿಲ್ಲ. ಭಾವ ಗೋಡೆಗೆ ಒರಗಿ ಅವನಿಗೆ ದಾರಿ ಬಿಟ್ಟ. ಅಪರಿಚಿತರಿಗೆ ಬಿಡುವ ಹಾಗೆ.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಹಡಗು ಬಂದರು ಬಿಟ್ಟಿತು.

ಸಮುದ್ರದ ಮೇಲೆ ಹೆದರಿಕೆ ಒಂದೇ ಸಲ ಬರುವುದಿಲ್ಲ. ತುಕ್ಕಿನ ಹಾಗೆ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಿಡಿಯುತ್ತದೆ. ಊಟದ ಕೋಣೆಯಲ್ಲಿ ಚಮಚ ಬಿದ್ದರೆ ಎಲ್ಲರೂ ತಲೆ ಎತ್ತುತ್ತಿದ್ದರು. ನೀರಿನೊಳಗೆ ಎಲ್ಲೋ ಒಂದು ಜಲಾಂತರ್ಗಾಮಿ ಈ ಹಡಗನ್ನೇ ಹುಡುಕುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅಂಬಿಗ ದಿನವೂ ಹಾರಿದ. ಉಗಿಯ ಕವಣೆ ವಿಮಾನವನ್ನು ಹಡಗಿನ ತುದಿಯಿಂದ ಬೀಸಿ ಎಸೆಯುವಾಗ ಹೊಟ್ಟೆ ಹಿಂದೆಯೇ ಉಳಿದಂತಾಗುತ್ತಿತ್ತು. ಅದು ಮೊದಲಿನಿಂದಲೂ ಇದ್ದದ್ದೇ. ಈಗ ಹೊಸದಾಗಿ ಸೇರಿಕೊಂಡದ್ದು ಬೆನ್ನ ಹಿಂದಿನ ಗುನುಗು. ಹಿಂದೆ ಭಾವ ಇದ್ದಾಗ ಅಂಬಿಗ ಯಾವತ್ತೂ ಲೆಕ್ಕ ಕೇಳಿದವನಲ್ಲ. ಈಗ ಮಣಮಣ ಒಂದು ದಿಕ್ಕು ಹೇಳಿದರೆ, ಸರಿಯಾಗಿ ನೋಡಿದೆಯಾ ಎಂದು ಕೇಳುವನು. ಅವನು ಮತ್ತೆ ಲೆಕ್ಕ ಹಾಕಿ ಅದನ್ನೇ ಹೇಳುವನು. ಇವನಿಗೆ ಆಗಲೂ ಸಮಾಧಾನವಿಲ್ಲ. ಇಳಿದ ಮೇಲೆ ಮೊದಲು ಅವನ ಕಣ್ಣು ಹೋಗುತ್ತಿದ್ದುದು ಉದ್ದಣ್ಣನ ವಿಮಾನ ನಿಲ್ಲುವ ಜಾಗಕ್ಕೆ. ಮಣಮಣನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ಇಬ್ಬರೂ ಅದನ್ನು ಗಮನಿಸಿ ಗಮನಿಸದವರಂತೆ ಇರುತ್ತಿದ್ದರು.

ಊಟದ ಹೊತ್ತಿನಲ್ಲಿ ಭಾವ ಮೇಜಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದ. ಉದ್ದಣ್ಣನೇ ಒಂದು ದಿನ ಅಂಬಿಗನ ಹೆಗಲ ಮೇಲೆ ಕೈಹಾಕಿ, ನಿನ್ನ ಭಾವ ಬಂಗಾರದಂಥ ಮನುಷ್ಯ, ಕೋಪ ಮಾತ್ರ ಇಳಿಯಬೇಕು, ನಾನು ಇಳಿಸುತ್ತೇನೆ ಬಿಡು ಎಂದು ಹೇಳಿ ಹೋದ.

ಆ ದಿನ ಬೆಳಗ್ಗೆ ಗಸ್ತಿಗೆ ಹೋದದ್ದು ಉದ್ದಣ್ಣನ ವಿಮಾನ. ಮಧ್ಯಾಹ್ನದ ಊಟಕ್ಕೆ ಮುಂಚೆ ಬರಬೇಕಿತ್ತು. ಬರಲಿಲ್ಲ. ಅಂಬಿಗ ಡೆಕ್ಕಿನ ಮೇಲೆ ಬಂದು ನಿಂತ. ಇಳಿಯುವ ವಿಮಾನದ ಬಾಲದ ಕೊಕ್ಕೆಯನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗಗಳನ್ನು ಬಿಗಿದು, ಡೆಕ್ಕಿನವರು ತಮ್ಮ ತಮ್ಮ ಜಾಗದಲ್ಲಿ ತಯಾರಾಗಿ ನಿಂತಿದ್ದರು. ಯಾರೂ ಕೂರಲಿಲ್ಲ. ಬಿಸಿಲು ಹೆಗಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂತು. ಅವರ ಬಳಿ ಇರಬಹುದಾದ ಇಂಧನ ಮುಗಿಯುವ ಹೊತ್ತು ಬಂತು, ದಾಟಿತು. ಆಗಲೂ ಹಗ್ಗದವರು ನಿಂತೇ ಇದ್ದರು; ಅವರ ಮುಖ್ಯಸ್ಥ ಮಾತ್ರ ಆಕಾಶ ನೋಡುವುದನ್ನು ಬಿಟ್ಟು ತನ್ನ ಬೂಟು ನೋಡತೊಡಗಿದ.

ಅಂಬಿಗ ಕಮಾಂಡರ್ ಹತ್ತಿರ ಓಡಿದ. ಹುಡುಕಲು ಹೋಗುತ್ತೇನೆ ಎಂದ. ಅವರು ನಕಾಶೆಯಿಂದ ತಲೆ ಎತ್ತಲಿಲ್ಲ. ಆ ಕಡೆ ಜಲಾಂತರ್ಗಾಮಿ ಇದೆ ಎಂಬ ಅನುಮಾನ ಬಲವಾಗಿರುವುದರಿಂದ ಹಡಗು ದಿಕ್ಕು ಬದಲಿಸಿ ದೂರ ಸರಿಯುತ್ತಿದೆ, ಸಾವಿರಾರು ಜನ ಇರುವ ಹಡಗನ್ನು ಇಬ್ಬರಿಗಾಗಿ ನಿಲ್ಲಿಸಲು ಆಗುವುದಿಲ್ಲ ಎಂದು ವಿವರಿಸಿದರು. ಅಂಬಿಗ ಕದಲಲಿಲ್ಲ. ಕೊನೆಗೆ ಅವರು ಪೆನ್ಸಿಲ್ ಕೆಳಗಿಟ್ಟರು.

"ಒಂದೇ ವಿಮಾನ. ಬೆಳಕಿರೋವರೆಗೆ ಮಾತ್ರ. ನೀನು ಬರೋದು ತಡವಾದ್ರೆ ನಾವು ಕಾಯಲ್ಲ. ಇದನ್ನ ತಲೇಲಿ ಇಟ್ಕೊಂಡು ಹೋಗು."

ಅಂಬಿಗ ವಿಮಾನದ ಹತ್ತಿರ ಬರುವಷ್ಟರಲ್ಲಿ ಮಣಮಣ ಆಗಲೇ ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿದುಕೊಂಡು, ತೊಡೆಯ ಮೇಲೆ ನಕಾಶೆ ಹಲಗೆ ಇಟ್ಟುಕೊಂಡು ಕೂತಿದ್ದ. ಯಾರೂ ಅವನನ್ನು ಕರೆದಿರಲಿಲ್ಲ.

ಮೇಲೇರಿದ ಮೇಲೆ ಅಂಬಿಗನಿಗೆ ಒಂದು ವಿಚಿತ್ರ ಅನಿಸಿತು. ಬೆನ್ನ ಹಿಂದೆ ಸದ್ದೇ ಇರಲಿಲ್ಲ. ಇಷ್ಟು ದಿನ ಕಿವಿ ಕೊರೆಯುತ್ತಿದ್ದ ಗುನುಗು ಈಗ ಇಲ್ಲದೇ ಹೋದದ್ದು ಇನ್ನೂ ಕಷ್ಟವಾಯಿತು.

"ಯಾಕೆ ಸುಮ್ಮನಿದೀಯ?"

"ಉದ್ದಣ್ಣ ಏನ್ ಮಾಡಿರ್ತಾನೆ ಅಂತ ಯೋಚನೆ ಮಾಡ್ತಿದೀನಿ."

ಆಮೇಲೆ ಅವನು ನಿಧಾನವಾಗಿ ಹೇಳುತ್ತ ಹೋದ. ಇಂಜಿನ್ ಕೈಕೊಟ್ಟರೆ ಉದ್ದಣ್ಣ ಕೊನೆಯವರೆಗೂ ಹಡಗಿನ ಕಡೆಗೇ ತಿರುಗಿಸಿಕೊಂಡಿರುತ್ತಾನೆ, ಹಟಮಾರಿ; ನೀರಿಗೆ ಇಳಿಸಲೇಬೇಕಾದರೆ ಅಲೆಗಳ ಉದ್ದಕ್ಕೆ ಇಳಿಸುತ್ತಾನೆ. ಹಾಗಾದರೆ ಹಡಗು ಎಲ್ಲಿದೆ ಎಂದು ಅವರು ಅಂದುಕೊಂಡಿದ್ದರು ಎಂಬುದೇ ಪ್ರಶ್ನೆ. ಅದನ್ನು ಹೇಳಿರುವವನು ಭಾವ. ಭಾವ ಹೇಗೆ ಲೆಕ್ಕ ಹಾಕುತ್ತಾನೆ ಎಂಬುದು ಅಂಬಿಗನಿಗೆ ತನ್ನ ಅಂಗೈಯಷ್ಟೇ ಗೊತ್ತಿತ್ತು. ಗಾಳಿ ಇದ್ದ ದಿನ ಅವನು ಬೇಕೆಂದೇ ಗಾಳಿ ಬರುವ ಕಡೆಗೆ ಒಂದಿಷ್ಟು ಹೆಚ್ಚು ಹಿಡಿಯುತ್ತಿದ್ದ. ತಪ್ಪಿದರೆ ಯಾವ ಕಡೆಗೆ ತಪ್ಪಿದ್ದೇವೆ ಎಂದಾದರೂ ಗೊತ್ತಿರಲಿ ಎನ್ನುತ್ತಿದ್ದ. ಅಂಬಿಗ ಅದನ್ನು ಹೇಳಿದ. ಮಣಮಣ ನಕಾಶೆಯ ಮೇಲೆ ಗೆರೆ ಎಳೆದ. ಕಾಣೆಯಾದ ವಿಮಾನದ ಮುಂದಿನವನ ಮನಸ್ಸು ಇಲ್ಲಿ ಹಿಂದೆ ಕೂತವನಿಗೂ, ಹಿಂದಿನವನ ಮನಸ್ಸು ಇಲ್ಲಿ ಮುಂದೆ ಕೂತವನಿಗೂ ತಿಳಿದಿತ್ತು. ಅವೆರಡನ್ನೂ ಕೂಡಿಸಿ ಒಂದು ದಿಕ್ಕು ಸಿಕ್ಕಿತು.

ಸಮುದ್ರವನ್ನು ಹುಡುಕುವುದು ಅಂದರೆ ಇಲ್ಲದ್ದನ್ನೇ ನೋಡುತ್ತ ಹೋಗುವುದು. ಪ್ರತಿ ನೊರೆಯೂ ತೆಪ್ಪದ ಹಾಗೆ ಕಾಣುತ್ತದೆ, ಪ್ರತಿ ಮೋಡದ ನೆರಳೂ ಎಣ್ಣೆಯ ಕಲೆಯ ಹಾಗೆ. ಅಂಬಿಗ ರೆಪ್ಪೆ ಹೊಡೆಯಲೂ ಹೆದರಿದ. ಹೊಡೆದ ಆ ಗಳಿಗೆಯಲ್ಲೇ ದಾಟಿ ಹೋಗಿಬಿಟ್ಟರೆ? ಕಣ್ಣು ಉರಿದು ನೀರು ಸುರಿಯತೊಡಗಿತು. ಇಂಧನದ ಮುಳ್ಳಿನ ಕಡೆ ನೋಡುವುದನ್ನು ಅವನು ಮುಂದೂಡುತ್ತಿದ್ದ. ತಂಗಿಯ ಮನೆಯ ನಲ್ಲಿಯ ಸದ್ದು ಕಿವಿಯಲ್ಲಿ ಬಂದು ಬಂದು ಹೋಗುತ್ತಿತ್ತು. ತಾನು ಕೇಳಿದ್ದರಿಂದಲೇ ಭಾವ ಆ ವಿಮಾನದಲ್ಲಿದ್ದ. ಈ ಒಂದು ಮಾತನ್ನು ಅವನು ಮುಂದಕ್ಕೆ ಯೋಚಿಸಲು ಹೋಗಲಿಲ್ಲ.

"ಬಲಗಡೆ," ಅಂದ ಮಣಮಣ. "ಬಲಗಡೆ, ಹಸಿರು."

ಆಪತ್ತಿನಲ್ಲಿ ನೀರಿಗೆ ಬಿಡುವ ಬಣ್ಣ ಅದು. ಸಮುದ್ರದ ಮೇಲೆ ಎಳೆ ಎಳೆಯಾಗಿ ಹರಡಿಕೊಂಡಿತ್ತು. ಅದರ ತುದಿಯಲ್ಲಿ ಹಳದಿ ರಬ್ಬರ್ ತೆಪ್ಪ, ಅಲೆಯ ಮೇಲೆ ಹತ್ತುತ್ತ ಇಳಿಯುತ್ತ. ಅಂಬಿಗ ರೆಕ್ಕೆ ವಾಲಿಸಿ ಕೆಳಗಿಳಿದ. ತೆಪ್ಪದಲ್ಲಿ ಒಬ್ಬ ಮನುಷ್ಯ ಮುದುಡಿಕೊಂಡು ಬಿದ್ದಿದ್ದ. ವಿಮಾನದ ಸದ್ದಿಗೆ ಒಂದು ಕೈ ಎತ್ತಿದ. ತಲೆಗೆ ಹೆಲ್ಮೆಟ್ ಹಾಗೇ ಇತ್ತು, ಮುಖ ಎದೆಗೆ ಅಂಟಿಕೊಂಡಿತ್ತು.

ಅವರು ದಾಟಿ ಮುಂದೆ ಹೋದರು. ತಿರುಗಿಸಿಕೊಂಡು ಬಂದರು. ಸುತ್ತ ಇನ್ನೇನೂ ಇರಲಿಲ್ಲ.

"ಒಬ್ರೇ ಇದಾರೆ," ಅಂದ ಮಣಮಣ.

"ಹೂಂ."

ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದರು. ಯಾರು ಎಂದು ಒಬ್ಬನೂ ಕೇಳಲಿಲ್ಲ. ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ನಿಧಾನವಾಗಿ ಹೋಗಿದ್ದರೆ ಮುಖ ಕಾಣುತ್ತಿತ್ತೇನೋ. ಅಂಬಿಗ ಹೋಗಲಿಲ್ಲ, ಹಿಂದಿನವನೂ ಹೋಗು ಅನ್ನಲಿಲ್ಲ. ಹಾಗೆ ಮುದುಡಿದ ಮನುಷ್ಯ ಎದ್ದು ನಿಂತರೆ ಎಷ್ಟು ಉದ್ದವಿರಬಹುದು ಎಂದು ಅಂಬಿಗ ಅಂದಾಜು ಮಾಡುತ್ತಿದ್ದ. ಒಮ್ಮೆ ಕಾಲು ಗಿಡ್ಡವೆನಿಸಿದರೆ ಇನ್ನೊಮ್ಮೆ ತೀರಾ ಉದ್ದವೆನಿಸುತ್ತಿತ್ತು. ಬೆನ್ನ ಹಿಂದಿನವನೂ ಅದನ್ನೇ ಅಳೆಯುತ್ತಿದ್ದಾನೆ ಎಂದು ಅವನಿಗೆ ಹೇಳದೆಯೇ ಗೊತ್ತಿತ್ತು.

ರೇಡಿಯೋ ಮುಟ್ಟುವಂತಿರಲಿಲ್ಲ. ಬರುವಾಗ ದಾರಿಯಲ್ಲಿ ಒಂದು ಬೆಂಗಾವಲು ಹಡಗು ಕಂಡಿತ್ತು. ಅಂಬಿಗ ಅದರ ಕಡೆ ಹಾರಿದ. ಮಣಮಣ ಕೈದೀಪವನ್ನು ಮಿನುಗಿಸಿ ಸಂಕೇತ ಕೊಟ್ಟ. ಆ ಹಡಗು ಉತ್ತರ ಕೊಡದೆ ತನ್ನ ಪಾಡಿಗೆ ಹೋಗುತ್ತಿತ್ತು. ಮಣಮಣ ಮತ್ತೆ ಮಿನುಗಿಸಿದ, ಮತ್ತೆ. ಕೊನೆಗೆ ಅಲ್ಲಿಂದಲೂ ಒಂದು ಬೆಳಕು ಮಿನುಗಿತು. ಹಡಗು ಭಾರವಾಗಿ ತಿರುಗಿತು. ಅವರು ಅದಕ್ಕೆ ದಾರಿ ತೋರಿಸುತ್ತ ತೆಪ್ಪಕ್ಕೂ ಹಡಗಿಗೂ ನಡುವೆ ಸುತ್ತಿದರು. ಇಂಧನದ ಮುಳ್ಳನ್ನು ಈಗ ನೋಡದೆ ಗತಿಯಿರಲಿಲ್ಲ. ಹಡಗಿನವರು ಸಣ್ಣ ದೋಣಿಯನ್ನು ನೀರಿಗಿಳಿಸಿದ್ದಷ್ಟೇ ಕಾಣಿಸಿತು.

"ಹೊರಡ್ಬೇಕು," ಅಂದ ಅಂಬಿಗ.

"ಹೊರಡು," ಅಂದ ಮಣಮಣ, ದೋಣಿಯ ಮೇಲಿಂದ ಕಣ್ಣು ತೆಗೆಯದೆ.

ವಾಪಸು ಬರುವಾಗ ಗುನುಗು ಮತ್ತೆ ಶುರುವಾಯಿತು. ಸೂರ್ಯ ನೀರಿನ ಅಂಚಿಗೆ ಬಂದಿದ್ದ. ಮಣಮಣ ಹೇಳಿದ ಜಾಗಕ್ಕೆ ಬಂದರೆ ಅಲ್ಲಿ ಮಂಜಿನಂಥ ಮಬ್ಬು ಕವಿದುಕೊಂಡಿತ್ತು; ಹಡಗು ಇರಲಿಲ್ಲ. ಅಂಬಿಗನ ನಾಲಿಗೆಯ ತುದಿಗೆ ಹಳೆಯ ಪ್ರಶ್ನೆ ಬಂತು. ಅವನು ಅದನ್ನು ನುಂಗಿಕೊಂಡ. ಇನ್ನು ಕೇಳಿ ಪ್ರಯೋಜನವೂ ಇರಲಿಲ್ಲ, ಬೇರೆ ಕಡೆ ಹೋಗುವಷ್ಟು ಇಂಧನವೂ ಇರಲಿಲ್ಲ.

"ಇನ್ನೂ ಸ್ವಲ್ಪ ಮುಂದೆ," ಅಂದ ಮಣಮಣ. ದನಿಯಲ್ಲಿ ಏರಿಳಿತವಿರಲಿಲ್ಲ. "ಹೀಗೇ ಹೋಗು."

ಮಬ್ಬು ಹರಿದಲ್ಲಿ ಹಡಗು ಕಾಣಿಸಿತು, ಬೆಂಕಿಪೊಟ್ಟಣ ತೇಲಿಬಿಟ್ಟಂತೆ. ಕಾಯುವುದಿಲ್ಲ ಎಂದಿದ್ದ ಕಮಾಂಡರ್ ಹೇಗೋ ಯಾರನ್ನೋ ಒಪ್ಪಿಸಿರಬೇಕು. ಹಡಗು ಗಾಳಿಗೆ ಮುಖ ಮಾಡಿ ತಯಾರಾಗಿತ್ತು. ಅಂಬಿಗ ಇಳಿದ. ಬಾಲದ ಕೊಕ್ಕೆ ಹಗ್ಗಕ್ಕೆ ಸಿಕ್ಕಿ ವಿಮಾನ ಜಗ್ಗಿ ನಿಂತಾಗ ಇಂಜಿನ್ ಒಮ್ಮೆ ಕೆಮ್ಮಿ ತಾನಾಗಿಯೇ ಆರಿತು.

ಇಬ್ಬರೂ ಪೈಲಟ್‌ಗಳ ಕೋಣೆಗೆ ಹೋಗಿ ಎದುರುಬದುರು ಕೂತರು. ಯಾರೋ ಚಹಾ ತಂದಿಟ್ಟರು. ಅದು ಆರಿ ಕೆನೆಗಟ್ಟಿತು. ಬೆಂಗಾವಲು ಹಡಗಿನಿಂದ ನಡುವಿನ ಹಡಗುಗಳನ್ನು ದಾಟಿ ಬೆಳಕಿನ ಸಂಕೇತ ಬರಬೇಕು, ಓದಬೇಕು, ಕೆಳಗೆ ಬರಬೇಕು. ಓಣಿಯಲ್ಲಿ ಪ್ರತಿ ಹೆಜ್ಜೆಗೂ ಅಂಬಿಗ ಬಾಗಿಲ ಕಡೆ ನೋಡಿದ. ಮಣಮಣ ಪೆನ್ಸಿಲ್ ಕೆತ್ತುತ್ತ ಕೂತಿದ್ದ; ಚೂಪಾದ ಮೇಲೂ ಕೆತ್ತುತ್ತಲೇ ಇದ್ದ.

ಕಮಾಂಡರ್ ಒಳಗೆ ಬಂದರು. ಇಬ್ಬರೂ ಎದ್ದು ನಿಂತರು. ಅವರು ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಅಂಬಿಗನ ಕಡೆ ತಿರುಗಿದರು. ತಿರುಗಿದ್ದೇ ಸಾಕಾಯಿತು. ಕೈಗೆ ಪೆಟ್ಟಾಗಿದೆ, ಪ್ರಾಣಕ್ಕೆ ತೊಂದರೆಯಿಲ್ಲ ಎಂದು ಅವರು ಹೇಳಿದ್ದು ಅವನಿಗೆ ಎಲ್ಲೋ ದೂರದಿಂದ ಕೇಳಿಸಿತು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಖುಷಿ ಅಷ್ಟು ಜೋರಾಗಿ ನುಗ್ಗಿ ಬಂದಿತ್ತು, ಎದುರಿಗೆ ನಿಂತವನ ನೆನಪಾದಾಗ ಅದನ್ನು ಎಲ್ಲಿ ಬಚ್ಚಿಡಬೇಕು ಎಂದು ತಿಳಿಯಲಿಲ್ಲ.

"ಒಳ್ಳೇದಾಯ್ತು," ಅಂದ ಮಣಮಣ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ.

ಅಂಬಿಗ ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಹೋದ. ಡೆಕ್ಕಿನ ಪಕ್ಕದ ಸಣ್ಣ ಕಟ್ಟೆಯಲ್ಲಿ, ಕಂಬಿ ಹಿಡಿದು ಅವನು ನಿಂತಿದ್ದ. ಪಡುವಣದಲ್ಲಿ ಇನ್ನೂ ಕೆಂಪು ಉಳಿದಿತ್ತು. ಸಮಾಧಾನದ ಯಾವ ಮಾತು ಆಡಿದರೂ ಸುಳ್ಳಾಗುತ್ತದೆ ಎಂದು ಅಂಬಿಗನಿಗೆ ಗೊತ್ತಿತ್ತು. ಮಣಮಣನೇ ಮೊದಲು ಬಾಯಿ ಬಿಟ್ಟ.

"ಮೇಲೆ ಸುತ್ತುತ್ತಿದ್ದಾಗ ಏನಂತ ಬೇಡ್ಕೊಂಡೆ?"

ಅಂಬಿಗ ತಡವರಿಸಿದ. "ಅದು ಭಾವ ಆಗಿರ್ಲಿ ಅಂತ."

"ನಾನು ಉದ್ದಣ್ಣ ಆಗಿರ್ಲಿ ಅಂತ. ನಿನ್ನ ಭಾವ ಸಾಯ್ಲಿ ಅಂತಲ್ಲ. ಆದ್ರೆ ಇದ್ದಿದ್ದು ಒಬ್ರೇ ಅಲ್ವಾ." ಅವನು ಮೂಗು ಒರೆಸಿಕೊಂಡ. "ಅದು ನನ್ನ ಸೀಟು. ನಾನಿದ್ದಿದ್ರೆ ಏನಾಗ್ತಿತ್ತೋ. ನಿನ್ನ ಮೇಲೆ ಕೋಪ ಮಾಡ್ಕೊಬೇಕು ಅನ್ಸುತ್ತೆ, ಬರ್ತಿಲ್ಲ. ಬಂದ್ರೆ ಹೇಳ್ತೀನಿ."

"ಹೇಳು," ಅಂದ ಅಂಬಿಗ.

ಮರುದಿನ ಬೆಳಗ್ಗೆ ಅವರಿಬ್ಬರೂ ಮತ್ತೆ ಒಂದೇ ವಿಮಾನದಲ್ಲಿ ಹಾರಿದರು. ಹಾರುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮಣಮಣ ಹೇಳಿದ ದಿಕ್ಕನ್ನು ಅಂಬಿಗ ಮರುಮಾತಿಲ್ಲದೆ ಹಿಡಿದ. ಕೆಲವು ವಾರಗಳಲ್ಲಿ ಯುದ್ಧ ನಿಂತಿತು. ಹಡಗು ಬಂದರಿಗೆ ಬಂತು.

ಭಾವನನ್ನು ಮೊದಲೇ ದಡದ ಆಸ್ಪತ್ರೆಗೆ ಸೇರಿಸಿದ್ದರು. ಅಂಬಿಗ ಹೋದಾಗ ಅವನು ದಿಂಬಿಗೆ ಒರಗಿ ಕೂತಿದ್ದ, ಎಡಗೈ ದಪ್ಪ ಬಟ್ಟೆಯೊಳಗಿತ್ತು. ಆ ಕೈಯ ಬೆರಳುಗಳು ಇನ್ನು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಂಗಿ ಪಕ್ಕದ ಸ್ಟೂಲಿನ ಮೇಲೆ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಭಾವ ನಡೆದದ್ದನ್ನು ಹೇಳಿದ. ಇಂಜಿನ್‌ಗೆ ಬೆಂಕಿ ಹತ್ತಿತು. ಉದ್ದಣ್ಣ ಮಗುವನ್ನು ಹಾಸಿಗೆಗೆ ಹಾಕುವ ಹಾಗೆ ವಿಮಾನವನ್ನು ನೀರಿಗೆ ಇಳಿಸಿದ. ಆದರೆ ಮೂತಿಯ ಕಡೆ ಒಳಕ್ಕೆ ನುಜ್ಜಾಗಿ ಅವನ ಮೊಣಕಾಲು ಸಿಕ್ಕಿಕೊಂಡಿತು. ಭಾವ ಹೊರಗೆ ಬಂದು, ರೆಕ್ಕೆಯ ಮೇಲೆ ಹತ್ತಿ, ತಗಡನ್ನು ಬರಿಗೈಯಲ್ಲಿ ಎಳೆದ. ಕೈ ಹರಿಯಿತೇ ಹೊರತು ತಗಡು ಬರಲಿಲ್ಲ. ನೀರು ಕುತ್ತಿಗೆಗೆ ಬಂದಾಗ ಉದ್ದಣ್ಣನೇ ಅವನ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದ.

ಹೇಳಿ ಮುಗಿಸಿ ಭಾವ ಅಂಬಿಗನನ್ನು ನೋಡಿದ. "ನನ್ನನ್ನ ಯಾಕೆ ಬಿಟ್ಟೆ ಅಂತ ಈಗಲಾದ್ರೂ ಹೇಳು."

ತಂಗಿಯೇ ಬಾಯಿಬಿಟ್ಟಳು.

"ಕೇಳಿದ್ದು ನಾನು. ಅಣ್ಣನ ಹತ್ರ ಮಾತು ತಗೊಂಡಿದ್ದೂ ನಾನೇ."

ಭಾವ ಅವಳ ಕಡೆ ನೋಡಿದ, ಆಮೇಲೆ ಕಿಟಕಿಯ ಕಡೆ. ಹೊರಗೆ ನರ್ಸೊಬ್ಬಳು ತಳ್ಳುಗಾಡಿ ತಳ್ಳಿಕೊಂಡು ಹೋದಳು. ಹಾಗಾದರೆ ಲೆಕ್ಕ ತಪ್ಪಿದ್ದಕ್ಕಲ್ಲವೇ ಎಂದು ಅವನು ಕೊನೆಗೆ ಕೇಳಿದ. ಅದು ತನಗೆ ನೆನಪೂ ಇರಲಿಲ್ಲ ಎಂದು ಅಂಬಿಗ ಹೇಳಿದ. ಭಾವ ನಗಲು ಹೋದ; ಅದು ನಗುವಾಗದೆ ಬೇರೇನೋ ಆಗಿ, ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ತಂಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಕೊಡವಿಕೊಳ್ಳಲಿಲ್ಲ.

ಮಗು ಹುಟ್ಟಿತು, ಹೆಣ್ಣು. ಬಾಣಂತಿತನ ಮುಗಿಯುವುದನ್ನೇ ಕಾಯುತ್ತಿದ್ದವಳಂತೆ ತಂಗಿ ಒಂದು ದಿನ ಮಗುವನ್ನು ಎತ್ತಿಕೊಂಡು, ಉದ್ದಣ್ಣನ ಹೆಂಡತಿಯನ್ನು ನೋಡಬೇಕು, ಜೊತೆಗೆ ಬಾ ಎಂದು ಅಣ್ಣನನ್ನು ಹೊರಡಿಸಿದಳು. ಬೇಡ, ಅವಳಿಗೆ ಹೇಳಿ ಏನು ಸಾಧಿಸಿದ ಹಾಗಾಯಿತು ಎಂದು ಅಂಬಿಗ ದಾರಿಯುದ್ದಕ್ಕೂ ಗೋಗರೆದ. ತಂಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಔಷಧಿ ಅಂಗಡಿಯಲ್ಲಿ ಜನವಿದ್ದರು. ಕೌಂಟರಿನ ಹಿಂದೆ ಉದ್ದಣ್ಣನ ಹೆಂಡತಿ ಚೀಟಿ ನೋಡಿ ಕಪಾಟಿನಿಂದ ಡಬ್ಬಿ ಇಳಿಸುವುದು, ಊಟಕ್ಕೆ ಮುಂಚೆ, ಊಟ ಆದ ಮೇಲೆ ಎಂದು ಮುದುಕರಿಗೆ ತಿಳಿಸಿ ಹೇಳುವುದು, ಪೊಟ್ಟಣ ಕಟ್ಟುವುದು ಮಾಡುತ್ತಿದ್ದಳು. ಅಂಬಿಗನ ಗುರುತು ಹಿಡಿದು ತಲೆಯಾಡಿಸಿದಳು. ಜನ ಕರಗುವವರೆಗೂ ಅವರು ಗೋಡೆಯ ಬೆಂಚಿನ ಮೇಲೆ ಕಾದರು. ಅಂಬಿಗನ ಅಂಗೈ ಬೆವತಿತ್ತು. ಹಡಗಿಗೆ ಇಳಿಯುವಾಗಲೂ ಅಷ್ಟು ಬೆವತದ್ದಿಲ್ಲ.

ತಂಗಿ ಸುತ್ತಿ ಬಳಸದೆ ಹೇಳಿದಳು. ಅದಲುಬದಲು ಮಾಡಿಸಿದ್ದು ತಾನು. ತನ್ನ ಹೆದರಿಕೆಗೆ ಮಾಡಿಸಿದ್ದು.

ಉದ್ದಣ್ಣನ ಹೆಂಡತಿ ಕೌಂಟರಿನ ಮೇಲೆ ಚೆಲ್ಲಿದ್ದ ಪುಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಕೈ ನಿಂತಿತು.

"ಇದನ್ನ ನಂಗ್ಯಾಕೆ ಹೇಳಿದ್ರಿ?"

"ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ."

ಅವಳು ಮಗುವನ್ನು ನೋಡಿದಳು. ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು. "ಹೊರಡೋ ಮುಂಚೆ ಅವರು ಏನ್ ಹೇಳಿದ್ರು ಗೊತ್ತಾ? ಹಡಗಲ್ಲೇ ಒಳ್ಳೇ ನ್ಯಾವಿಗೇಟರ್ ನನ್ನ ಪಾಲಿಗೆ ಬಂದಿದಾನೆ, ಈ ಸಲ ನೀನು ನಿಶ್ಚಿಂತೆಯಾಗಿರು ಅಂದ್ರು. ನಾನು ನಿಶ್ಚಿಂತೆಯಾಗೇ ಇದ್ದೆ." ಅವಳ ತುಟಿ ಅದುರಿತು, ಅವಳು ಅದನ್ನು ಕಚ್ಚಿ ಹಿಡಿದಳು. "ಇವತ್ತು ಹೋಗಿ. ಬರಲೇಬೇಡಿ ಅಂತ ಹೇಳ್ತಿಲ್ಲ. ಇವತ್ತು ಮಾತ್ರ ಹೋಗಿ."

ಅವರು ಎದ್ದು ಬಂದರು. ಬೀದಿಗೆ ಇಳಿದ ಮೇಲೆ ತಂಗಿ ಮಗುವನ್ನು ಅಣ್ಣನ ಕೈಗೆ ಕೊಟ್ಟು ಅಲ್ಲೇ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಅತ್ತಳು. ಅಂಬಿಗ ಮಗುವನ್ನು ಎತ್ತಿಕೊಂಡು, ಹೋಗಿಬರುವವರಿಗೆ ಅವಳು ಕಾಣದ ಹಾಗೆ ಅಡ್ಡ ನಿಂತ.

ಮತ್ತೆ ಅವರು ಹೋದದ್ದು ಆರೇಳು ತಿಂಗಳ ಮೇಲೆ. ಆವತ್ತು ಉದ್ದಣ್ಣನ ಹೆಂಡತಿ ಬೆಂಚಿನ ಮೇಲೆ ಬಂದು ಪಕ್ಕದಲ್ಲಿ ಕೂತಳು, ಮಗುವಿಗೆ ಹಲ್ಲು ಬಂತೇ ಎಂದು ಕೇಳಿದಳು. ಅಲ್ಲಿ ಆಗಲೇ ಮಣಮಣ ಇದ್ದ. ರಜೆ ಸಿಕ್ಕಾಗೆಲ್ಲ ಅವನು ಬಂದು ಮೇಲಿನ ಕಪಾಟಿನ ಡಬ್ಬಿ ಇಳಿಸಿಕೊಟ್ಟು ಹೋಗುತ್ತಿದ್ದನಂತೆ. ಭಾವ ದಡದಲ್ಲೇ ಉಳಿದು ಹೊಸಬರಿಗೆ ದಿಕ್ಕು ಹಿಡಿಯುವುದನ್ನು ಕಲಿಸುವ ಕೆಲಸಕ್ಕೆ ಸೇರಿದ. ಅಂಬಿಗ ಇನ್ನೂ ಹಲವು ವರ್ಷ ಹಾರಿದ, ಹಿಂದಿನ ಸೀಟಿನಲ್ಲಿ ಮಣಮಣನೇ. ಕೋಪ ಬಂದರೆ ಹೇಳುತ್ತೇನೆ ಎಂದಿದ್ದವನು ಒಮ್ಮೆ, ಯಾವ ಯುದ್ಧವೂ ಇಲ್ಲದ ಒಂದು ಬೆಳಗ್ಗೆ, ಮೋಡಗಳ ಮೇಲೆ ಹೋಗುತ್ತಿರುವಾಗ, ಇವತ್ತು ಬಂದಿದೆ ಎಂದ. ಅಂಬಿಗ, ಸರಿ ಎಂದ. ಆ ದಿನವಿಡೀ ಅವರು ದಿಕ್ಕು, ಎತ್ತರ ಬಿಟ್ಟು ಬೇರೆ ಮಾತಾಡಲಿಲ್ಲ. ಸಂಜೆ ಊಟಕ್ಕೆ ಮಣಮಣ ಎಂದಿನಂತೆ ಅವನ ಪಕ್ಕದ ಕುರ್ಚಿಯನ್ನೇ ಎಳೆದುಕೊಂಡ.